ಫೀಡ್‌ಬ್ಯಾಕ್‌ನಲ್ಲಿ ಐದಕ್ಕೆ ಐದು, ಕೆಲಸದಲ್ಲಿ ಅದೇ ತಪ್ಪು

ಗ್ರಾಹಕರ ದೂರು ಬರೆದುಕೊಳ್ಳುವ ತಂಡಕ್ಕೆ ನಾನು ಮೊದಲ ಸಲ ಎರಡು ದಿನ ತರಬೇತಿ ಕೊಟ್ಟಾಗ ಹೆಚ್ಚುಕಮ್ಮಿ ಎಲ್ಲರೂ ಫೀಡ್‌ಬ್ಯಾಕ್‌ನಲ್ಲಿ ಐದಕ್ಕೆ ಐದು ಕೊಟ್ಟಿದ್ದರು. ತುಂಬಾ ಖುಷಿಯಾಗಿತ್ತು. ತಿಂಗಳಾದ ಮೇಲೆ ದೂರುಗಳನ್ನು ತೆಗೆದು ನೋಡಿದರೆ ಅದೇ ಅರ್ಧಂಬರ್ಧ ವಿವರ, ಅದೇ ಗ್ರಾಹಕರಿಂದ ಮತ್ತೆ ಕರೆ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದ್ದರು. ಬಂದವರಿಗೆ ಹಿಡಿಸಿತಾ, ಕಲಿತರಾ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರಾ, ಅದರಿಂದ ಕೆಲಸ ಸುಧಾರಿಸಿತಾ. ನಾನು ಮೊದಲ ಹಂತದಲ್ಲೇ ನಿಂತುಬಿಟ್ಟಿದ್ದೆ.

ಮುಂದಿನ ಸಲ ಸ್ಲೈಡ್ ಮಾಡಲು ಕೂರಲೇ ಇಲ್ಲ. ಮೂರು ದಿನ ಹೆಡ್‌ಸೆಟ್ ಹಾಕಿಕೊಂಡು ಅವರ ಪಕ್ಕದಲ್ಲಿ ಕೂತೆ. ಒಬ್ಬರು ಪ್ರತಿ ಕರೆಗೂ ದೂರಿನ ವಿಧ 'ಇತರೆ' ಅಂತಲೇ ಒತ್ತುತ್ತಿದ್ದರು. ಯಾಕೆ ಅಂತ ಕೇಳಿದೆ. "ಸರ್, ಸರಿಯಾದದ್ದು ಯಾವುದು ಅಂತ ನನಗೆ ಗೊತ್ತು. ಅದು ಪಟ್ಟಿಯ ಕೊನೆಯಲ್ಲಿದೆ. ಅಲ್ಲಿವರೆಗೆ ಹೋಗುವಷ್ಟರಲ್ಲಿ ಮುಂದಿನ ಕರೆ ಬಂದಿರುತ್ತೆ" ಎಂದರು. ಗೊತ್ತಿದ್ದೂ ಮಾಡಲಾಗದವರಿಗೆ ಇನ್ನೆರಡು ದಿನ ಪಾಠ ಹೇಳಿ ಏನು ಪ್ರಯೋಜನ, ಅಲ್ವಾ? ಪಟ್ಟಿಯ ಕ್ರಮ ಬದಲಿಸಲು ಸಾಫ್ಟ್‌ವೇರ್ ತಂಡವನ್ನು ಕೇಳಿಕೊಂಡೆ. ಒಂದೇ ವಾರದಲ್ಲಿ ಆ ತಪ್ಪು ಕಡಿಮೆಯಾಯಿತು.

ನಿಜವಾಗಿ ಕಲಿಸಬೇಕಾದದ್ದು ಬೇರೆ ಇತ್ತು. "ವಸ್ತು ಕೆಲಸ ಮಾಡ್ತಿಲ್ಲ" ಎಂದು ಗ್ರಾಹಕರು ಹೇಳಿದ ಕೂಡಲೇ ಇವರು ಬರೆದು ಮುಗಿಸುತ್ತಿದ್ದರು. ಯಾವಾಗಿನಿಂದ, ಆನ್ ಆಗುತ್ತಾ ಇಲ್ವಾ ಎಂದು ಮರುಪ್ರಶ್ನೆ ಕೇಳುವ ಅಭ್ಯಾಸವೇ ಇರಲಿಲ್ಲ.

ಹಾಗಾಗಿ ತರಬೇತಿಯನ್ನು ಒಂದೂವರೆ ಗಂಟೆಗೆ ಇಳಿಸಿದೆ. ಹೆಸರು, ನಂಬರ್ ತೆಗೆದ ಹಳೆಯ ಕರೆಗಳನ್ನು ಕೇಳಿಸುವುದು, ಮಧ್ಯದಲ್ಲಿ ನಿಲ್ಲಿಸಿ "ಈಗ ನೀವಾಗಿದ್ದರೆ ಏನು ಕೇಳ್ತಿದ್ರಿ?" ಎನ್ನುವುದು. ಆಮೇಲೆ ಇಬ್ಬಿಬ್ಬರಾಗಿ ಅಭ್ಯಾಸ. ಒಂದೇ ದಿನ ತುಂಬಿಸಿದ್ದು ಬೇಗ ಮರೆತುಹೋಗುತ್ತದೆ. ಅದಕ್ಕೇ ಮೂರನೇ ದಿನ ಮತ್ತು ಎರಡು ವಾರದ ನಂತರ ಹತ್ತತ್ತು ನಿಮಿಷ ಮತ್ತೆ ಸೇರಿದೆವು. ಆಗ ನಾನು ಪಾಠ ಹೇಳಲಿಲ್ಲ, ನೆನಪಿನಿಂದ ಅವರೇ ಹೇಳಬೇಕಿತ್ತು.

ಅಳತೆಯ ವಿಷಯದಲ್ಲಿ ಈ ಸಲ ಜಾಸ್ತಿ ಎಚ್ಚರ ವಹಿಸಿದೆ. ಹೊಸ ಪಟ್ಟಿ ಎಲ್ಲರಿಗೂ ಒಟ್ಟಿಗೇ ಬಂದಿತ್ತು. ಸುಮ್ನೆ ಮೊದಲು, ಆಮೇಲೆ ಅಂತ ಹೋಲಿಸಿದ್ದರೆ ಪಟ್ಟಿಯಿಂದಾದ ಲಾಭವನ್ನೂ ತರಬೇತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ. ಅದಕ್ಕೆ ಚೀಟಿ ಎತ್ತಿ ಅರ್ಧ ಜನರಿಗೆ ಮೊದಲು ತರಬೇತಿ ಕೊಟ್ಟೆ, ಉಳಿದವರಿಗೆ ಆರು ವಾರ ಬಿಟ್ಟು. ಆ ಆರು ವಾರ ಇಬ್ಬರು ಮೇಲ್ವಿಚಾರಕರು ಪ್ರತಿಯೊಬ್ಬರ ಐದೈದು ಕರೆ ಕೇಳಿ, ಮರುಪ್ರಶ್ನೆ ಬಂತಾ ಇಲ್ವಾ ಎಂದಷ್ಟೇ ಗುರುತು ಹಾಕಿದರು. ಯಾರು ಯಾವ ಗುಂಪು ಎಂದು ಅವರಿಗೆ ಹೇಳಿರಲಿಲ್ಲ.

ತರಬೇತಿ ಆದ ಗುಂಪಿನಲ್ಲಿ ಮರುಪ್ರಶ್ನೆ ಎದ್ದು ಕಾಣುವಷ್ಟು ಹೆಚ್ಚಿತ್ತು, ಮತ್ತೆ ಬರುವ ಕರೆಗಳೂ ಇಳಿದಿದ್ದವು. ಇಬ್ಬರಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಈಗ ಅವರ ಪಕ್ಕ ಕೂತಿದ್ದೇನೆ.