ಫೋಟೋ ಇಲ್ಲದ ಪೋಸ್ಟರ್‌ಗೂ ಜನ ಬಂದರು

ನಮ್ಮ ದಾವಣಗೆರೆಯಲ್ಲಿ ಬಡಾವಣೆಯ ಆಟೋಟ ಎಂದರೆ ಫ್ಲೆಕ್ಸ್ ಇರಲೇಬೇಕು. ಮೇಲೆ ಮುಖಂಡರು, ಕೆಳಗೆ ಪದಾಧಿಕಾರಿಗಳು, ಸಂದಿಯಲ್ಲೆಲ್ಲೋ ಕಾರ್ಯಕ್ರಮ. ಅಂಥವನ್ನು ನಾನೇ ಎಷ್ಟೋ ವರ್ಷ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಜೋಡಿಸಿಕೊಟ್ಟಿದ್ದೇನೆ. ಹೋದ ಸಲ ಮುಖಗಳೇ ಮೂವತ್ತರ ಹತ್ತಿರ. ಖರ್ಚು ಆರೇಳು ಸಾವಿರ. ಮ್ಯೂಸಿಕಲ್ ಚೇರ್‌ಗೆ ಮಾತ್ರ ಜನಕ್ಕಿಂತ ಕುರ್ಚಿ ಜಾಸ್ತಿ!

ಈ ಸಲ ಹಟ ಹಿಡಿದೆ. ಹಳದಿ ಕಾಗದ, ಕಪ್ಪು ಇಂಕು, ಸ್ಕ್ರೀನ್ ಪ್ರಿಂಟ್ (ಜಾಲರಿ ಬಟ್ಟೆಯ ಅಚ್ಚಿನ ಮೂಲಕ ಇಂಕು ಎಳೆಯುವುದು), ಅಷ್ಟೇ. ಸಮಿತಿಯ ಹಿರಿಯರೊಬ್ಬರು ನಕ್ಕುಬಿಟ್ಟರು: "ಏನಪ್ಪಾ ಇದು, ನಾಟಕ ಕಂಪನಿ ಪೋಸ್ಟರ್ ಇದ್ದಂಗೈತಲ್ಲ!" ನನಗೆ ಬೇಕಾಗಿದ್ದೂ ಅದೇ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಬಣ್ಣದ ಕಾಗದದ ಮೇಲೆ ದಪ್ಪ ಅಕ್ಷರ ಕಂಡರೆ ವಯಸ್ಸಾದವರು ಈಗಲೂ ನಿಂತು ಓದುತ್ತಾರೆ.

ಜಾಸ್ತಿ ಸತಾಯಿಸಿದ್ದು ತಲೆಬರಹ. ಸಮಿತಿಯವರು "ಬೃಹತ್ ಕ್ರೀಡಾ ಸ್ಪರ್ಧೆಗಳು" ಎಂದು ಬರೆದುಕೊಟ್ಟಿದ್ದರು. ದೊಡ್ಡದು ಮಾಡಿದಷ್ಟೂ ಒತ್ತಕ್ಷರಗಳು ಕೆಳಗಿನ ಸಾಲಿನ ದೀರ್ಘ, ಗುಡಿಸಿಗೆ ಹೋಗಿ ಬಡಿಯುತ್ತಿದ್ದವು. ಸಾಲು ದೂರ ಮಾಡಿದರೆ ಅಕ್ಷರ ಸಣ್ಣದಾಗುತ್ತದೆ. ಮಿರ್ಚಿ (ಮೆಣಸಿನಕಾಯಿ ಬಜ್ಜಿ) ತಿನ್ನುವ ಪಂದ್ಯವೂ ಇತ್ತಲ್ಲ, ಅದನ್ನೇ ಹಿಡಿದು "ಖಾರ ತಡೀತೀರಾ?" ಎಂದು ಹಾಕಿದೆ. ಒಂದೂ ಒತ್ತಿಲ್ಲ! ಅಕ್ಷರ ಅರ್ಧ ಗೇಣು ಬಂತು. ಬೈಕಿನಲ್ಲಿ ಹೋಗುತ್ತಲೇ ಓದಬಹುದು. ಗೋಣಿಚೀಲದ ಓಟ, ನಿಂಬೆಹಣ್ಣು-ಚಮಚ ಎಲ್ಲ ಕೆಳಗೆ ಸಣ್ಣದಾಗಿ ಹೋದವು.

ಮೊದಲು ಹೋದ ಪ್ರೆಸ್‌ನವರು ಫೈಲ್ ತೆಗೆದುಕೊಂಡು ಸೀದಾ ಫಿಲ್ಮ್ (ಸ್ಕ್ರೀನ್ ಮಾಡಲು ಬೇಕಾದ ಪಾರದರ್ಶಕ ಹಾಳೆ) ಹೊಡೆದುಬಿಟ್ಟರು. ನಾನು ಟೈಪ್ ಮಾಡಿದ್ದು ಈಗಿನ ಯುನಿಕೋಡ್ ಕನ್ನಡ, ಅವರದು ಅದನ್ನು ಸರಿಯಾಗಿ ಓದಲಾಗದ ಓಬೀರಾಯನ ಕಾಲದ ಕೋರೆಲ್. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಫಿಲ್ಮ್ ದುಡ್ಡು ಮುನ್ನೂರು ಚಿಲ್ಲರೆ ನನ್ನ ತಲೆಗೇ ಬಂತು. ಅಕ್ಷರಗಳನ್ನು ಕರ್ವ್ ಮಾಡಿಕೊಂಡು, ಅಂದರೆ ಚಿತ್ರದ ಹಾಗೆ ಗೆರೆಗಳಾಗಿಸಿಕೊಂಡು, ಬೇರೆ ಕಡೆ ಹೋದೆ.

ಚಿತ್ರದ್ದು ಇನ್ನೊಂದು ಕಥೆ. ಮಿರ್ಚಿ ಫೋಟೋವನ್ನೇ ಹಾಫ್‌ಟೋನ್ ಮಾಡಿ, ಅಂದರೆ ಸಣ್ಣ ಸಣ್ಣ ಚುಕ್ಕೆಗಳಾಗಿಸಿ ನೋಡಿದೆ. ತೆಳು ಕಾಗದದ ಮೇಲೆ ಚುಕ್ಕೆಗಳು ತುಂಬಿಕೊಂಡು, ಮಿರ್ಚಿ ಸುಟ್ಟ ಬದನೆಕಾಯಿ ಆಯಿತು. ಕೆಂಪು ಹಾಕೋಣ ಎಂದರೆ ಇನ್ನೊಂದು ಸ್ಕ್ರೀನ್, ಇನ್ನೊಂದು ಖರ್ಚು. ಆಗ ಸುತ್ತಲೂ ಕಪ್ಪು ತುಂಬಿ, ಮಿರ್ಚಿಯ ಜಾಗ ಮಾತ್ರ ಖಾಲಿ ಬಿಟ್ಟೆ. ಕಾಗದದ ಹಳದಿಯೇ ಕಡಲೆಹಿಟ್ಟಿನ ಬಣ್ಣ! ಮಾಡಿದವನು ನಾನೇ ಆದರೂ ಹೇಳುತ್ತೇನೆ, ನೋಡಿದರೆ ಬಾಯಲ್ಲಿ ನೀರು ಬರಬೇಕು.

ಶೀಟಿನ ಅಂಚಿನಲ್ಲಿ ಎರಡು ಬೆರಳು ಜಾಗ ಉಳಿದಿತ್ತು. ಸುಮ್ನೆ ಯಾಕೆ ಬಿಡೋದು ಎಂದು ಅಲ್ಲೇ ಚಿಕ್ಕ ಚೀಟಿಗಳನ್ನು ಜೋಡಿಸಿದೆ. ಕತ್ತರಿಸಿ ಮಂಡಕ್ಕಿ-ಮಿರ್ಚಿ ಗಾಡಿಯವರಿಗೆ ಕೊಟ್ಟರೆ ಪೊಟ್ಟಣದ ಜೊತೆ ಹಂಚಿದರು. ನನ್ನ ಲೆಕ್ಕದಲ್ಲಿ ಹುಡುಗರು ಬಂದಿದ್ದೇ ಆ ಚೀಟಿಯಿಂದ. ವಾಟ್ಸಾಪ್‌ಗೆ ಕಳಿಸಿದ್ದು ಅಷ್ಟೇನೂ ಓಡಲಿಲ್ಲ, ಗುಡ್ ಮಾರ್ನಿಂಗ್‌ಗಳ ನಡುವೆ ಮುಳುಗಿಹೋಯಿತು.

ಮೈದಾ ಅಂಟಿನ ಪೋಸ್ಟರ್ ಅಂದರೆ ದನಗಳಿಗೆ ಹಬ್ಬ, ನಿಮಗೂ ಗೊತ್ತು. ಮೊದಲ ರಾತ್ರಿ ಹಚ್ಚಿದ್ದರಲ್ಲಿ ಅರ್ಧ ಬೆಳಗಾಗುವಷ್ಟರಲ್ಲಿ ಖಾಲಿ. ಆಮೇಲೆ ಅಂಟಿಗೆ ಒಂದು ಸಾಮಾನು ಸೇರಿಸಿದೆ. ಅಡುಗೆಮನೆಯದ್ದೇ, ದನಕ್ಕೆ ಏನೂ ಆಗಲ್ಲ, ಮೂಸಿ ನೋಡಿ ಮುಂದೆ ಹೋಗುತ್ತವೆ. ಅದೇನೆಂದು ಮಾತ್ರ ಕೇಳಬೇಡಿ.

ಇನ್ನೂರು ಪೋಸ್ಟರಿಗೆ ಕಾಗದ, ಸ್ಕ್ರೀನ್, ಇಂಕು, ಕೂಲಿ ಎಲ್ಲ ಸೇರಿ ಮೂರು ಸಾವಿರದ ಒಳಗೇ ಮುಗಿಯಿತು. ಮಿರ್ಚಿ ಪಂದ್ಯಕ್ಕೇ ನೂರರ ಮೇಲೆ ಹೆಸರು ಬಂದು, ಸಮಿತಿಯವರು ಎಣ್ಣೆ-ಹಿಟ್ಟಿಗೆ ಮತ್ತೆ ಓಡಬೇಕಾಯಿತು. ನಕ್ಕಿದ್ದ ಹಿರಿಯರು ಒಂದು ಪೋಸ್ಟರ್ ಮನೆಗೆ ಒಯ್ದರು. ಪಕ್ಕದ ಬಡಾವಣೆಯ ಹುಡುಗರು ಫೈಲ್ ಕೇಳಿದರು, ಕೊಡಲಿಲ್ಲ. ದಿನಾಂಕವನ್ನು ಸ್ಕ್ರೀನಿಗೆ ಹಾಕದೆ ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತಿಸಿದ್ದೆ. ಹಾಗಾಗಿ ಮುಂದಿನ ವರ್ಷಕ್ಕೂ ಇದೇ ಸ್ಕ್ರೀನ್, ಕಾಗದ, ಇಂಕು, ಕೂಲಿಯ ಖರ್ಚು ಮಾತ್ರ.