ಶಾಲೆಯ ಆರೋಗ್ಯ ಚಟುವಟಿಕೆಯನ್ನು ಮಕ್ಕಳೇ ಮುನ್ನಡೆಸುವಂತೆ ಮಾಡುವ ಬಗೆ

ಪ್ರೌಢಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಗಳೆಲ್ಲವೂ ಮಕ್ಕಳ ಹೊಟ್ಟೆ ಸೇರುವುದಿಲ್ಲ. ಶಿಕ್ಷಕರು ಗದರಿಸಿದರೆ ಮಕ್ಕಳು ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಹೊರಗೆ ಹೋಗಿ ಉಗುಳಬಹುದು. ಪಕ್ಕದಲ್ಲಿ ಕೂರುವ ಗೆಳತಿ ಮೊದಲು ತಾನು ನುಂಗಿ ತೋರಿಸಿದರೆ ಅರ್ಧ ಅಂಜಿಕೆ ಅಲ್ಲಿಗೇ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಆರೋಗ್ಯ ಗೆಳೆಯರನ್ನು, ಅಂದರೆ ಸಹಪಾಠಿಗಳ ನಡುವೆ ಈ ಕೆಲಸವನ್ನು ಮುನ್ನಡೆಸುವ ಮಕ್ಕಳನ್ನು, ಆರಿಸಬೇಕು. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ಚಟುವಟಿಕೆಗಳ ಹೊಣೆಯಿದ್ದು, ತರಗತಿಯ ಮಾನಿಟರ್‌ಗಳು ಅವರಿಗೆ ನೆರವಾಗುತ್ತಾರೆ. ಆದರೆ ಗಲಾಟೆ ಮಾಡುವವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮಾನಿಟರ್ ಬಳಿ ಯಾವ ಮಗುವೂ ತನ್ನ ಕಷ್ಟ ಹೇಳಿಕೊಳ್ಳಲಾರದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪ್ರತಿಯೊಬ್ಬರಿಗೂ ಚೀಟಿ ಕೊಟ್ಟು, "ನಿನಗೆ ಬೇಜಾರಾದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀಯ?" ಎಂದು ಕೇಳಿ, ಹೆಚ್ಚು ಬಾರಿ ಬಂದ ಹೆಸರುಗಳಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಅವರ ಒಪ್ಪಿಗೆ ಪಡೆದು ಆರಿಸಿರಿ. ಎಂಟು ಮತ್ತು ಒಂಬತ್ತನೆಯ ತರಗತಿಗಳಷ್ಟೇ ಸಾಕು. ಎಸ್ಸೆಸ್ಸೆಲ್ಸಿ ಮಕ್ಕಳ ಮೇಲೆ ಈ ಭಾರ ಬೇಡ.

ಆರೋಗ್ಯ ಗೆಳೆಯರಿಗೆ ಭಾಷಣ ಕಲಿಸದೆ ಕೆಲಸ ಕಲಿಸಬೇಕು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳದೆ ಬಿಸಿಯೂಟದ ನಂತರ ನುಂಗಬೇಕು, ಮಲ ಕಪ್ಪಾದರೆ ಹೆದರಬೇಕಿಲ್ಲ, ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆರಸ ಅದಕ್ಕೆ ನೆರವಾಗುತ್ತದೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದಲೇ ಹೇಳಿಸಿ, ನಂತರ ಈ ಮಕ್ಕಳು ತಮ್ಮ ಮಾತಿನಲ್ಲಿ ಸಹಪಾಠಿಗಳಿಗೆ ವಿವರಿಸಲಿ. ಮಾತ್ರೆ ಹಂಚುವ ಹೊಣೆ ಮಾತ್ರ ಶಿಕ್ಷಕರದೇ ಆಗಿರಬೇಕು. ಶೌಚಾಲಯದಲ್ಲಿ ನೀರು, ಸೋಪು, ಬಾಗಿಲಿನ ಚಿಲಕ ಸರಿಯಿವೆಯೇ ಎಂದು ಮಕ್ಕಳು ವಾರಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಲಿ. ಆ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರು ಸಹಿ ಹಾಕಿ, ಮುರಿದ ಚಿಲಕವನ್ನು ನಿಜವಾಗಿ ದುರಸ್ತಿ ಮಾಡಿಸದಿದ್ದರೆ ಮಕ್ಕಳು ಬರೆಯುವುದನ್ನೇ ಬಿಡುತ್ತಾರೆ. ಚಿಲಕವಿಲ್ಲದ ಕಾರಣಕ್ಕೆ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವುದು ಇಂಥ ಪುಸ್ತಕದಿಂದಲೇ ಬೆಳಕಿಗೆ ಬರಬಹುದು.

ಮನಸ್ಸಿನ ವಿಷಯದಲ್ಲಿ ಗೆರೆ ಸ್ಪಷ್ಟವಾಗಿರಬೇಕು. ಆರೋಗ್ಯ ಗೆಳೆಯರು ಕೇಳಿಸಿಕೊಳ್ಳಬಹುದು, ಜೊತೆಗಿರಬಹುದು. ಆಪ್ತಸಮಾಲೋಚನೆ ಅವರ ಕೆಲಸವಲ್ಲ. ಹೇಳಿದ ಗುಟ್ಟನ್ನು ಕಾಪಾಡಬೇಕಾದರೂ ಜೀವ ಕಳೆದುಕೊಳ್ಳುವ ಮಾತು, ಹೊಡೆತ, ಲೈಂಗಿಕ ಕಿರುಕುಳ ಅಥವಾ ಬಾಲ್ಯವಿವಾಹದ ಸುಳಿವು ಸಿಕ್ಕರೆ ಅದೇ ದಿನ ನಂಬಿಕೆಯ ಶಿಕ್ಷಕರಿಗೆ ತಿಳಿಸಬೇಕೆಂದು ಮೊದಲ ದಿನವೇ ಇಡೀ ತರಗತಿಯ ಮುಂದೆ ಹೇಳಿರಿ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆಗಳನ್ನು ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಬರೆಸಿರಿ. ಹದಿನೈದು ದಿನಕ್ಕೊಮ್ಮೆ ಆರೋಗ್ಯ ಗೆಳೆಯರನ್ನು ಕೂರಿಸಿಕೊಂಡು ಅವರು ಹೇಗಿದ್ದಾರೆಂದು ವಿಚಾರಿಸಿರಿ, ಯಾರಿಗಾದರೂ ಸಾಕೆನಿಸಿದ್ದರೆ ಕಾರಣ ಕೆದಕದೆ ಬಿಡುವು ಕೊಡಿರಿ.