ಒಂದೇ ಸಾಲಿನ ಆದೇಶ, ಮೂವತ್ತು ಕಡತಗಳ ಮುದ್ರಣ

ಮೂವತ್ತು ಪಿಡಿಎಫ್ ಕಡತಗಳನ್ನು ಒಂದೊಂದಾಗಿ ತೆರೆದು, ಪ್ರಿಂಟ್ ಒತ್ತಿ, ಎರಡೂ ಬದಿ ಎಂದು ಗುರುತು ಹಾಕಿ, ಮತ್ತೆ ಮುಚ್ಚುವುದು ಬೇಸರದ ಕೆಲಸ. ಲಿನಕ್ಸ್ ಅಥವಾ ಮ್ಯಾಕ್ ಬಳಸುವವರು ಇದನ್ನು, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಸಬಹುದು. ಈ ಎರಡರಲ್ಲೂ ಮುದ್ರಣದ ಹೊಣೆ ಹೊತ್ತಿರುವುದು 1999ರಲ್ಲಿ ಬಿಡುಗಡೆಯಾದ ‘ಕಪ್ಸ್’ ತಂತ್ರಾಂಶ. ಹಾಗಾಗಿ ಒಮ್ಮೆ ಕಲಿತದ್ದು ಎರಡೂ ಕಡೆ ನಡೆಯುತ್ತದೆ. ಕೆಳಗಿನ ಆದೇಶಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದ್ದೇನೆ.

ಮೊದಲು ಪ್ರಿಂಟರ್‌ನ ಹೆಸರು ತಿಳಿದುಕೊಳ್ಳಿ. ‘ಎಲ್‌ಪಿಸ್ಟ್ಯಾಟ್ -ಪಿ -ಡಿ’ ಎಂದು ಕೊಟ್ಟರೆ ಕಂಪ್ಯೂಟರಿಗೆ ಗೊತ್ತಿರುವ ಪ್ರಿಂಟರ್‌ಗಳ ಪಟ್ಟಿ ಬರುತ್ತದೆ. ಯಾವುದನ್ನೂ ಹೆಸರಿಸದಿದ್ದಾಗ ಕಡತ ಯಾವುದಕ್ಕೆ ಹೋಗುತ್ತದೆ ಎಂಬುದೂ ಕೊನೆಯ ಸಾಲಿನಲ್ಲಿರುತ್ತದೆ. ಅದನ್ನು ಬದಲಿಸಲು ‘ಎಲ್‌ಪಿಆಪ್ಷನ್ಸ್ -ಡಿ’ ಬರೆದು ಮುಂದೆ ಪ್ರಿಂಟರ್‌ನ ಹೆಸರು ಕೊಡಿ.

ಇನ್ನು ಮುದ್ರಣ. ‘ಎಲ್‌ಪಿ’ ಬರೆದು ಕಡತದ ಹೆಸರು ಕೊಟ್ಟರೆ ಸಾಕು. ಬೇರೆ ಪ್ರಿಂಟರ್ ಬೇಕೆಂದರೆ ನಡುವೆ ‘-ಡಿ’ ಮತ್ತು ಅದರ ಹೆಸರು, ಮೂರು ಪ್ರತಿ ಬೇಕೆಂದರೆ ‘-ಎನ್ 3’ ಸೇರಿಸಿ. ಕಾಗದ ಉಳಿಸುವ ಆಯ್ಕೆಗಳೆಲ್ಲ ‘-ಒ’ ನಂತರ ಬರುತ್ತವೆ: ಎರಡೂ ಬದಿಗೆ ‘-ಒ ಸೈಡ್ಸ್=ಟೂ-ಸೈಡೆಡ್-ಲಾಂಗ್-ಎಡ್ಜ್’, ಒಂದೇ ಬದಿಯಲ್ಲಿ ಎರಡು ಪುಟಗಳಿಗೆ ‘-ಒ ನಂಬರ್-ಅಪ್=2’. ಇವೆರಡನ್ನೂ ಜೊತೆಗೆ ಬಳಸಿದರೆ ನಾಲ್ಕು ಪುಟಗಳು ಒಂದೇ ಹಾಳೆಯಲ್ಲಿ ಮುಗಿಯುತ್ತವೆ. ಕರಡು ಓದುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಒಂದು ಎಚ್ಚರಿಕೆ. ಇದೇ ಕೆಲಸಕ್ಕೆ ‘ಎಲ್‌ಪಿಆರ್’ ಎಂಬ ಇನ್ನೊಂದು ಆದೇಶವೂ ಇದೆ. ‘ಎಲ್‌ಪಿ’ ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದದ್ದು, ‘ಎಲ್‌ಪಿಆರ್’ ಬಿಎಸ್‌ಡಿ ಕಡೆಯದು; ಸಿಸ್ಟಮ್ ಫೈವ್, ಬಿಎಸ್‌ಡಿ ಎರಡೂ ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಕವಲುಗಳು. ದೊಡ್ಡ ಅಕ್ಷರದ ‘-ಪಿ’ಗೆ ಎಲ್‌ಪಿಆರ್‌ನಲ್ಲಿ ಪ್ರಿಂಟರ್ ಎಂಬ ಅರ್ಥ, ಎಲ್‌ಪಿಯಲ್ಲಿ ಪುಟಗಳು ಎಂಬ ಅರ್ಥ. ಎರಡನೆಯದರಿಂದ ಐದನೆಯ ಪುಟದವರೆಗೆ ಮಾತ್ರ ಬೇಕಾದರೆ ಎಲ್‌ಪಿಗೆ ದೊಡ್ಡ ಅಕ್ಷರದ ‘-ಪಿ 2-5’ ಎಂದು ಕೊಡಬೇಕು. ಇವೆರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಹೊಸಬರು ಎಲ್‌ಪಿ ಒಂದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಕಡತಗಳು ಹಲವಿದ್ದರೆ ಅವಿರುವ ಫೋಲ್ಡರ್‌ಗೆ ಹೋಗಿ, ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಪಿಡಿಎಫ್ ಎಂದು ಬರೆಯಿರಿ. ಎಲ್ಲವೂ ಸಾಲಾಗಿ ಹೋಗುತ್ತವೆ. ಅದಕ್ಕೂ ಮೊದಲು ಒಂದನ್ನು ಕಳುಹಿಸಿ, ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ.

ಪಿಡಿಎಫ್, ಸಾದಾ ಪಠ್ಯ, ಚಿತ್ರಗಳು ನೇರವಾಗಿ ಮುದ್ರಣವಾಗುತ್ತವೆ. ವರ್ಡ್ ಕಡತಗಳನ್ನು ಮೊದಲು ಪಿಡಿಎಫ್‌ಗೆ ಪರಿವರ್ತಿಸಿಕೊಳ್ಳಿ.

ಕಳುಹಿಸಿದ ಕೂಡಲೇ ಪ್ರಿಂಟರ್‌ನ ಹೆಸರು, ಅಡ್ಡಗೆರೆ, ಒಂದು ಸಂಖ್ಯೆ ಇರುವ ಗುರುತು ಪರದೆಯ ಮೇಲೆ ಬರುತ್ತದೆ. ತಪ್ಪು ಕಡತ ಹೋಗಿದ್ದರೆ ‘ಕ್ಯಾನ್ಸಲ್’ ಬರೆದು ಆ ಗುರುತನ್ನು ಕೊಡಿ. ಸರದಿಯಲ್ಲಿ ಏನಿದೆ ಎಂದು ನೋಡಲು ‘ಎಲ್‌ಪಿಸ್ಟ್ಯಾಟ್ -ಒ’ ಇದೆ. ಪ್ರಿಂಟರ್ ಚಾಲೂ ಇದ್ದೂ ಸರದಿ ಕದಲದಿದ್ದರೆ ‘ಎಲ್‌ಪಿಸ್ಟ್ಯಾಟ್ -ಪಿ’ಯಲ್ಲಿ ‘ಡಿಸೇಬಲ್ಡ್’ ಎಂದಿದೆಯೇ ನೋಡಿ. ಹಾಗಿದ್ದರೆ ‘ಕಪ್ಸ್‌ಎನೇಬಲ್’ ಬರೆದು ಪ್ರಿಂಟರ್‌ನ ಹೆಸರು ಕೊಡಿ. ಇದಕ್ಕೆ ಆಡಳಿತಗಾರರ ಪಾಸ್‌ವರ್ಡ್ ಬೇಕಾಗಬಹುದು.